ಬಾಟಲಿಯಲ್ಲಿದ್ದ ಚಹಾ ನೀರಿನ ವಿಚಾರ

ನನ್ನ ವಯಸ್ಸು ಅರವತ್ತೆರಡು. ವೃತ್ತಿ ಸೈಕಲ್ ರಿಪೇರಿ. ಓದು ಊರ ಶಾಲೆಯಲ್ಲಿ ಏಳನೇ ತರಗತಿ, ಪಾಸು. ವಾಸ ಅಂಗಡಿಯ ಹಿಂದಿನ ಮನೆ. ದಾಖಲೆಯ ಹೆಸರು ಆಸ್ಪತ್ರೆಯ ಚೀಟಿಯಲ್ಲಿದೆ. ಆ ಹೆಸರು ಹೇಳಿದರೆ ನನ್ನ ಮನೆ ಯಾರಿಗೂ ಗೊತ್ತಾಗುವುದಿಲ್ಲ, ಪಂಪ್ ಮಾಮ ಎಂದರೆ ಬೀದಿನಾಯಿಯೂ ಕರೆತಂದು ಬಿಡುತ್ತದೆ. ಗಂಡಸರ ವಾರ್ಡಿನ ಆರನೇ ಮಂಚದಲ್ಲಿ ಮಲಗಿಕೊಂಡೇ, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಸಂಜೆ ನನ್ನ ತಮ್ಮ ಠಾಣೆಗೆ ಹೋಗಿ ಈ ವಾರ್ಡಿನ ನರ್ಸಮ್ಮನ ಮೇಲೆ ದೂರು ಕೊಟ್ಟಿದ್ದಾನೆ. ನನ್ನನ್ನು ನೋಡದೆಯೇ ಆಕೆ ಸುಳ್ಳು ಲೆಕ್ಕ ಬರೆದು ಪ್ರಾಣಕ್ಕೆ ಸಂಚಕಾರ ತಂದಳು ಎಂಬುದು ದೂರು. ಆಸ್ಪತ್ರೆಯವರು ಆಕೆಯನ್ನು ಕೆಲಸಕ್ಕೆ ಬರಬೇಡ ಎಂದಿದ್ದಾರೆ.

ನಿನ್ನೆ ಬೆಳಿಗ್ಗೆ ಏಳಕ್ಕೆ ನನಗೆ ಹರ್ನಿಯಾ ಆಪರೇಷನ್ ಆಯಿತು. ಮಧ್ಯಾಹ್ನ ಎರಡರೊಳಗೆ ಮೂತ್ರ ಹೋಗದಿದ್ದರೆ ಒಳಗೆ ನಳಿಗೆ ಹಾಕಿ ಇಳಿಸಬೇಕು ಎಂದು ಡಾಕ್ಟರು ಹೇಳಿ ಹೋದರು. ಒಂದು ಗಂಟೆಗೆ ಪಾಳಿಗೆ ಬಂದ ನರ್ಸಮ್ಮನನ್ನು ಕಂಡು ನನಗೆ ಬೆವರೊಡೆಯಿತು. ಆಕೆ ನಮ್ಮ ಬೀದಿಯ ದರ್ಜಿಯ ಮಗಳು. ಸೀಟು ಹಿಡಿದು ಹಿಂದೆ ಓಡಿ ಆಕೆಗೆ ಸೈಕಲ್ ಕಲಿಸಿದವನು ನಾನು. ನಮ್ಮ ಬೀದಿಯಲ್ಲಿ ನನ್ನ ಕೈಯಲ್ಲಿ ಕಲಿಯದವರು ಇನ್ನೂ ಚರಂಡಿಗೇ ಬೀಳುತ್ತಾರೆ. ಬೇಕಾದರೆ ಇದನ್ನೂ ಬರೆದುಕೊಳ್ಳಬಹುದು.

ನಳಿಗೆ ಹಾಕಬೇಕಾಗಿ ಬಂದರೆ ಗಂಡು ನರ್ಸನ್ನು ಕರೆಸಲೇ ಎಂದು ಆಕೆ ತಾನಾಗಿಯೇ ಕೇಳಿದಳು. ಹೂಂ ಎಂದರೆ ನಾಚಿಕೆ ಒಪ್ಪಿಕೊಂಡ ಹಾಗಾಗುತ್ತದೆಂದು, ನನಗೆ ಗಂಡೂ ಬೇಡ ಹೆಣ್ಣೂ ಬೇಡ, ಕಲ್ಲು ಕರಗಿಸುವ ದೇಹ ಇದು ಎಂದೆ. ಹೊಟ್ಟೆ ಮುಟ್ಟಿ ನೋಡಲು ಬಂದಾಗ ಹೊಲಿಗೆ ನೋಯುತ್ತದೆಂದು ಕೈ ತಳ್ಳಿದೆ.

ಒಂದೂಮುಕ್ಕಾಲಿಗೆ ಗೋಡೆ ಹಿಡಿದು ಬಚ್ಚಲಿಗೆ ಹೋದೆ. ಒಂದು ಹನಿಯೂ ಬರಲಿಲ್ಲ. ತಮ್ಮ ತಂದಿದ್ದ ಹಾಲಿಲ್ಲದ ಚಹಾದಲ್ಲಿ ಉಳಿದ ಗುಟುಕನ್ನು ಮೂತ್ರದ ಬಾಟಲಿಗೆ ಸುರಿದು ಬಿಸಿನೀರು ಬೆರೆಸಿದೆ. ಬಣ್ಣ, ಬಿಸಿ ಎರಡೂ ಹದವಾಗಿದ್ದವು. ಡಾಕ್ಟರೇ ಆಗಿದ್ದರೂ ಮೋಸ ಹೋಗುತ್ತಿದ್ದರು. ಆಕೆ ಕಣ್ಣೆದುರು ಹಿಡಿದು ಅಳೆದು ಮುನ್ನೂರೈವತ್ತು ಎಂ.ಎಲ್. ಎಂದು ಬರೆದಳು. ಗೆದ್ದಿರಿ ಮಾಮ ಎಂದಳು.

ನಾಲ್ಕು ಗಂಟೆಗೆ ಹೊಟ್ಟೆ ಕಲ್ಲಾಗಿ ಕಣ್ಣು ಕತ್ತಲಿಟ್ಟು ಬಚ್ಚಲಲ್ಲಿ ಬಿದ್ದೆ. ಆಸ್ಪತ್ರೆಯ ಅಂಗಿ ಎದೆಗೇರಿತ್ತು. ತಮ್ಮ ಬಾಗಿಲು ನೂಕಿದ. ಹಿಂದೆ ನಾಲ್ಕೈದು ಜನ. ಆಕೆ ಓಡಿ ಬಂದು ನಾಡಿ ಹಿಡಿಯುವುದಕ್ಕೂ ಮೊದಲು ನನ್ನ ಮೇಲೆ ಹೊದಿಕೆ ಹಾಕಿದಳು. ಮಂಚಕ್ಕೆ ಸಾಗಿಸಿದ ಮೇಲೆ ಪರದೆ ಎಳೆದು ತಮ್ಮನನ್ನೂ ಹೊರಗೆ ಕಳುಹಿಸಿದಳು.

"ಮಾಮ, ಗಂಡು ನರ್ಸ್ ಬರೋಕೆ ಇಪ್ಪತ್ತು ನಿಮಿಷ ಆಗುತ್ತೆ. ತಡೀತೀನಿ ಅಂದ್ರೆ ನಾನು ಪಕ್ಕದಲ್ಲೇ ಇರ್ತೀನಿ. ಇಲ್ಲಾಂದ್ರೆ ನಾನೇ ಹಾಕ್ತೀನಿ. ನೀವು ಹೇಳಿದ ಹಾಗೆ."

"ಹಾಕಮ್ಮ. ನಿಮ್ಮಪ್ಪಂಗೆ ಮಾತ್ರ ಹೇಳಬೇಡ."

ಬೇಕಾದಷ್ಟು ಬಿಟ್ಟು ಉಳಿದದ್ದೆಲ್ಲ ಮುಚ್ಚಿಯೇ ಇತ್ತು. ಸಾವಿರದ ಮುನ್ನೂರು ಬಂತು. ಎರಡು ಗಂಟೆಯ ಹಿಂದೆ ಮೂತ್ರ ಹೋದವನಿಗೆ ಇಷ್ಟು ಹೇಗೆ ಎಂದು ಡಾಕ್ಟರು ಆಕೆಯನ್ನು ಕೇಳಿದರು. ಬಾಟಲಿ ನೋಡಿಯೇ ಬರೆದೆ ಎಂದಳು. ಸುಳ್ಳುಗಾತಿ ಎಂದು ತಮ್ಮ ಕೂಗಾಡಿದ. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿದ್ದೆ.

ಇಂದು ಬೆಳಿಗ್ಗೆ ದರ್ಜಿ ನನ್ನನ್ನು ನೋಡಲು ಬಂದ. ಮಗಳಿಗೆ ಇವತ್ತು ರಜೆಯಂತೆ, ಮನೆಯಲ್ಲಿದ್ದಾಳೆ ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಅವನು ಹೋದ ಮೇಲೆ ನಾನೇ ಠಾಣೆಗೆ ಫೋನ್ ಮಾಡಿಸಿದೆ.

ಬರೆದುಕೊಳ್ಳಲು ಗಂಡು ಪೇದೆ ಬರಲಿ ಎಂದು ಮೊದಲು ಕೇಳಿದ್ದು ನಿಜ. ಅವರು ಸಂಜೆಗೆ ಬರುತ್ತಾರೆಂದು ತಿಳಿಯಿತು. ನರ್ಸಮ್ಮನ ವಿಚಾರಣೆ ಮೂರು ಗಂಟೆಗೆ. ಆದ್ದರಿಂದ ಬಂದಿರುವ ಮಹಿಳಾ ಪೇದೆಯವರೇ ಬರೆದುಕೊಳ್ಳಲಿ ಎಂದೆ. ಅವರು ಮೆಲ್ಲಗೆ ಓದಿ ಹೇಳಲು ಶುರುಮಾಡಿದಾಗ, ಗಟ್ಟಿಯಾಗಿ ಓದಿ ಎಂದವನೂ ನಾನೇ. ತಮ್ಮ ಪಕ್ಕದಲ್ಲೇ ನಿಂತು ಪೂರ್ತಿ ಕೇಳಿದ್ದಾನೆ. ಐದನೇ ಮಂಚದವರು ಚಹಾ ಎಂಬಲ್ಲಿ ನಕ್ಕರು. ನಾನು ಹೇಳಿದ್ದೇ ಇದರಲ್ಲಿದೆ, ಹೇಳದ್ದು ಇಲ್ಲ. ಒಂದಕ್ಷರವನ್ನೂ ತೆಗೆಯುವುದು ಬೇಡ. ಮೂರು ಗಂಟೆಗೆ ಮುಂಚೆ ಇದು ಆ ವಿಚಾರಣೆಗೆ ತಲುಪಬೇಕು.

ಸ್ಥಳ: ಗಂಡಸರ ವಾರ್ಡು, ಪರದೆ ಎಳೆದಿಲ್ಲ
ದಿನಾಂಕ: 14, ಮಂಗಳವಾರ, ಮಧ್ಯಾಹ್ನ 12.20
ಸಹಿ