ದೊಡ್ಡಪ್ಪ ಕೂತ ಜಾಗ

ಇದು ನಮ್ಮ ದೊಡ್ಡಪ್ಪನ ಮಗ ದೇವಿಂದ್ರನ ಮನೆಯಲ್ಲಿ ಆದದ್ದು. ನಗುವವರು ಈಗಲೇ ನಕ್ಕುಬಿಡಿ...

ಆ ರಾತ್ರಿ ಅವನು ನಮ್ಮೂರು ಬಳಿಚಕ್ರದ ಹಾಳು ಬಾವಿ ದಾಟಿ ಮನೆಗೆ ಬರುತ್ತಿದ್ದ. ಹೆಗಲ ಮೇಲೆ ಯಾದಗಿರಿಯ ಕಾಲೇಜಿನಿಂದ ತಂದ ಪೆಟ್ಟಿಗೆ. ಬಾವಿಯೊಳಗೆ ಏನೋ 'ಗುಳುಂ' ಅಂತು. ಇವನು ತಿರುಗಿಯೂ ನೋಡಲಿಲ್ಲ. ಅಪ್ಪ ಸತ್ತಾಗಿನಿಂದ ಅಂಜಿಕೆಯೂ ಇಲ್ಲ, ಅಳುವೂ ಇಲ್ಲ... ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ವಸಡಿನ ಹಾಗೆ.

ಮನೆಯಲ್ಲಿ ಅವನವ್ವ, ನಮ್ಮ ದೊಡ್ಡವ್ವ ತಿಮ್ಮವ್ವ, ನೀರು ಸಹ ಮುಟ್ಟಿರಲಿಲ್ಲ. ದೊಡ್ಡಪ್ಪ ಜೀವ ಬಿಟ್ಟ ಜಾಗದಲ್ಲಿ ಬೂದಿ ಹರವಿ ಬುಟ್ಟಿ ಮುಚ್ಚಿದ್ದೆವು. ಸತ್ತವರು ಬಂದುಹೋದರೆ ಬೂದಿಯಲ್ಲಿ ಗುರುತು ಮೂಡಬೇಕು. ಎರಡು ಬೆಳಗಾದರೂ ಏನೂ ಇಲ್ಲ.

"ಅಂವ ಬರೂತನಕ ನನಗ ನೀರು ಬ್ಯಾಡ," ಅಂದಳು. ಮೊದಲೇ ಸಕ್ಕರೆ ಕಾಯಿಲೆ. ಇನ್ನೊಂದು ದಿನ ಹೀಗಾದರೆ ಉಳಿಯುವುದಿಲ್ಲ ಅಂದಿದ್ದರು ಡಾಕ್ಟರು.

ದೇವಿಂದ್ರನ ಪೆಟ್ಟಿಗೆ ಬಡವರ ಕ್ಯಾಮೆರಾ. ಕತ್ತಲಲ್ಲಿ ಮೈಯ ಶಾಖ ಹಿಡಿಯುತ್ತದೆ, ಆದರೆ ಒಳಗಿರುವುದು ಒಂದೇ ಕಣ್ಣು. ಅದರ ಮುಂದೆ ತೂತು ಹೊಡೆದ ರಟ್ಟು ಒಂದೊಂದೇ ಇಡಬೇಕು. ಒಂದು ರಟ್ಟಿಗೆ ಒಂದು ಅಂಕಿ. ಆ ಅಷ್ಟಿಷ್ಟು ಅಂಕಿಯಿಂದ ಲ್ಯಾಪ್‌ಟಾಪು ಇಡೀ ಚಿತ್ರ ಕಟ್ಟುತ್ತದೆ. ಅಲ್ಲಿಯವರೆಗೆ ಎದುರಿಗಿದ್ದವರು ಅಲುಗಾಡಬಾರದು. ನನ್ನನ್ನು ತೆಗೆದಾಗ ಚೆಲ್ಲಿದ ಅಂಬಲಿಯ ಹಾಗೆ ಬಂದಿದ್ದೆ. ಕೆಮ್ಮಿದ್ದೆ, ಅಷ್ಟೇ.

"ಅಕ್ಕಾ, ಸ್ವಲ್ಪೇ ರಟ್ಟು ಇಡ್ತೀನಿ," ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಏನರ ಮೋಡದಂಗ ಮೂಡ್ತದ. ಅಪ್ಪ ಬಂದಾನ ಅಂತೀನಿ... ಅವ್ವ ನೀರರ ಕುಡೀಲಿ."

"ಫಿಜಿಕ್ಸ್ ಕಲಿಸಾಂವ ಸುಳ್ಳ ಹೇಳ್ತಿ?"

"ಫಿಜಿಕ್ಸಿನಾಗೂ ಅಂದಾಜ ಇರ್ತದ, ಸುಮ್ನಿರು."

ಪೆಟ್ಟಿಗೆಯನ್ನು ಬುಟ್ಟಿಯ ಕಡೆ ತಿರುಗಿಸಿ ದೀಪ ಆರಿಸಿದೆವು. ಚರ್... ಚರ್... ರಟ್ಟು ಸಂದಿಗೆ ಇಳಿಯುವ ಸದ್ದು. ಕಡೆಗೆ ಪರದೆಯ ಮೇಲೆ ಮೂಡಿತು... ಮೋಡ ಅಲ್ಲ.

ಮಂಡಿ. ಹೆಗಲು. ಕಿವಿ. ಬುಟ್ಟಿಯಿದ್ದ ಕಡೆ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಇಷ್ಟ ಕಮ್ಮಿ ರಟ್ಟಿಗೆ ಹಿಂಗ ಬರಂಗಿಲ್ಲ," ಅಂದ ದೇವಿಂದ್ರ. ಉಳಿದ ರಟ್ಟನ್ನೂ ಇಟ್ಟ. ಚಿತ್ರ ಇನ್ನೂ ತಿಳಿಯಾಯಿತು. ಎಲ್ಲೂ ಕಲಸಿಹೋಗಿರಲಿಲ್ಲ.

"ಜೀವ ಇದ್ದವ್ರು ಇಷ್ಟೊತ್ತು ಸುಮ್ನ ಕೂಡಂಗಿಲ್ಲಕ್ಕಾ..."

ದೊಡ್ಡವ್ವ ಪರದೆಗೆ ಮುಖ ತಂದಳು. ಬಹಳ ಹೊತ್ತು ನೋಡಿದಳು.

"ಮೂವತ್ತು ವರ್ಷ ಬಸ್ಸಿನಾಗ ನಿಂತೇ ಟಿಕೀಟು ಹರದ. ಮನಿಗಿ ಬಂದ್ರ ನಿಂತೇ ಉಂಡ. ಕೂಡೋ ಅಂದ್ರ ಒಂದಿನ ಕೂಡಲಿಲ್ಲ, ಭಾಡ್ಯಾ... ಈಗ ಕುಂತಾನ. ನೀರು ತಾ."

ಗಟಗಟ ಕುಡಿದಳು. ರೊಟ್ಟಿಯನ್ನೂ ಕೇಳಿದಳು. ದೇವಿಂದ್ರ ಗೋಡೆಗೊರಗಿ ನಿಂತೇ ಇದ್ದ. ಅಳಲಿಲ್ಲ.

ಬೆಳಿಗ್ಗೆ ಬುಟ್ಟಿ ಎತ್ತಿದವಳು ನಾನು. ಬೂದಿ ಹರವಿದ ಹಾಗೇ ಇತ್ತು, ಒಂದು ಗೀರೂ ಇಲ್ಲ. ಬಳಿದು ತೆಗೆದೆ. ಡಿಸೆಂಬರಿನ ಚಳಿಗೆ ನೆಲದ ಫರಸಿಕಲ್ಲೆಲ್ಲ ಕೊರೆಯುತ್ತಿತ್ತು. ಬೂದಿಯ ಕೆಳಗಿದ್ದ ಆ ಒಂದು ಕಲ್ಲು ಮಾತ್ರ ಬೆಚ್ಚಗಿತ್ತು. ನಂಬದಿದ್ದರೆ ಬಿಡಿ... ಅಂಗೈ ಇಟ್ಟವಳು ನಾನೇ.