ಕೂಗುಗೊಳವೆ ಬಂದ ಊರು

ಕೇಳ್ರಪ್ಪಾ, ಕೇಳ್ರವ್ವಾ, ಹಿಂದೆ ಕೂತೋರು ಮುಂದಕ್ಕೆ ಸರೀರಿ. ಈ ಕಥೇಲಿ ಒಂದೊಂದು ಮಾತೂ ನಿಜ. ಸುಳ್ಳೇನಾದ್ರೂ ಗಂಟಲಿಗೆ ಬಂದರೆ ನನ್ನ ನಾಲಿಗೆ ಅದನ್ನ ಹಾಗೇ ವಾಪಸ್ಸು ಕಳಿಸುತ್ತೆ. ಅಂಥ ನಾಲಿಗೆ ನಂದು!

ಏಳು ಗುಡ್ಡದಾಚೆ, ನಕ್ಷೆ ಬರೆಯೋನು ಊಟಕ್ಕೆ ಎದ್ದುಹೋಗಿ ಮರೆತುಬಿಟ್ಟ ಒಂದು ಊರು. ಅಲ್ಲಿ ರಾಜ ಇಲ್ಲ, ಮಂತ್ರಿ ಇಲ್ಲ. ಏನೇ ತೀರ್ಮಾನ ಆಗಬೇಕಾದರೂ ಜನ ಕೆರೆ ಏರಿ ಮೇಲೆ ಸೇರಿ ಕೂಗಬೇಕು. "ಬೇಕು" ಅನ್ನೋರು ಒಂದು ಕಡೆ, "ಬೇಡ" ಅನ್ನೋರು ಒಂದು ಕಡೆ. ಯಾವ ಕೂಗು ದೊಡ್ಡದೋ ಅದೇ ಕಾನೂನು. ಕಿವಿಗೊಟ್ಟು ತೀರ್ಪು ಹೇಳೋನು ಯಜಮಾನ ಬೋರಪ್ಪ.

ಆ ಕೆರೆಯ ತೂಬು ತೆಗೆದು, ಮುಚ್ಚಿ, ಉಳ್ಳೋರ ಗದ್ದೆಗೂ ಇಲ್ಲದೋರ ಗದ್ದೆಗೂ ಸರಿಸಮ ನೀರು ಬಿಡೋಳು ನೀರುಗಂಟಿ ಮಂಚಮ್ಮ.

ಒಂದು ವರ್ಷ ಸಾಹುಕಾರ ಮುದ್ವೀರಪ್ಪ ಗಾಡಿ ತುಂಬ ತಗಡಿನ ಕೂಗುಗೊಳವೆ ತಂದ. ಮನೆಗೊಂದು, ಬಿಟ್ಟಿ! ಹಾಸಿಗೆ ಹಿಡಿದ ಅಜ್ಜಿ ಅದರಲ್ಲಿ ಪಿಸುಗುಟ್ಟಿದರೂ ಗುಡುಗಿದ ಹಾಗೆ. ಯಾವತ್ತೂ ಕೇಳಿಸದ ದನಿಗಳೆಲ್ಲ ಕೇಳಿಸಿದವು. ಮಂಚಮ್ಮ "ಒಳ್ಳೇ ಮನುಷ್ಯ ಕಣ್ರೀ" ಅಂದಳು. ಅನ್ನೋದಿಲ್ವೇ ಮತ್ತೆ? ನೀವಾಗಿದ್ರೆ ಹಾರ ಹಾಕ್ತಿದ್ರಿ.

ಎರಡನೇ ವರ್ಷ, ಕಮ್ಮಾರ ಗಾಳಿ ಊದೋಕೆ ಒತ್ತೋ ಅಂಥ ತಿದಿ ಒತ್ತಿದರೆ ತಾನೇ ಕೂಗೋ ಕೊಳವೆ ತಂದ. ಒಂದು ಹಿಡಿ ಒತ್ತಿದರೆ "ಬೇಕು", ಇನ್ನೊಂದು ಒತ್ತಿದರೆ "ಬೇಡ". ಗಂಟಲಿಗೆ ರಜ! ಜನ ಬಾಯಿ ತೆಗೆಯೋದು ಊಟಕ್ಕೆ, ಆಮೇಲೆ ಆಕಳಿಕೆಗೆ.

ಮೂರನೇ ವರ್ಷ ಎಲ್ಲರ ಕೊಳವೆಗಳನ್ನೂ ರಿಪೇರಿ ಅಂತ ಒಯ್ದು, ಕರಗಿಸಿ, ತಾಳೆಮರದಷ್ಟು ಉದ್ದದ ಒಂದೇ ಕೊಳವೆ ಎರಕ ಹೊಯ್ಸಿ ತೂಬಿನ ಕೆಳಗೆ ನಿಲ್ಲಿಸಿದ. ನೀರು ಹರಿದರೆ ಚಕ್ರ, ಚಕ್ರ ತಿರುಗಿದರೆ ತಿದಿ, ತಿದಿ ಊದಿದರೆ ಕೂಗು. ಎಂಥಾ ಕೂಗು ಅಂತೀರಿ! ಕೋಳಿಗಳ ಪುಕ್ಕ ಉದುರಿತು. ಎಮ್ಮೆಗಳು ಹಾಲಿನ ಬದಲು ನೇರವಾಗಿ ಮಜ್ಜಿಗೆ ಕೊಟ್ಟವು.

"ಎಲ್ಲರ ಪರವಾಗಿ ಇದೇ ಕೂಗುತ್ತೆ. ನೀವು ಹಾಯಾಗಿರಿ," ಅಂದ ಸಾಹುಕಾರ. ಹಿಡಿ ಮಾತ್ರ ಅವನ ಕೈಲಿ.

ಆಮೇಲೆ ನಿಧಾನಕ್ಕೆ ಅಂದ: "ಕೆರೆ ನನಗೆ ಬೇಕು."

ಮಂಚಮ್ಮ ಮುಂದಕ್ಕೆ ಬಂದಳು. "ಅಣ್ಣಾ, ಕೆಳಗಿನ ಗದ್ದೆಗಳಿಗೆ ನೀರು?"

"ಬಿಡ್ತೀನಿ ಕಣಮ್ಮಾ. ದುಡ್ಡು ಕೊಡೋರಿಗೆ."

"ಕೊಡಲಾರದೋರಿಗೆ?"

"ಬೆವರು ಸುರಿಸಲಿ. ಅದೂ ನೀರೇ ಅಲ್ವಾ?"

"ಊರು ಬೇಡ ಅನ್ನುತ್ತೆ, ನೋಡ್ತಿರಣ್ಣಾ."

"ಅನ್ನಲಿ ತಾಯಿ. ನನ್ನ ಕೊಳವೆಗಿಂತ ಜೋರಾಗಿ ಅನ್ನಲಿ!"

ಮಾರನೇ ದಿನ ಮಳೆ ನಿಂತ ಸಂಜೆ ಊರು ಸೇರಿತು. ಬೋರಪ್ಪ ಕೈ ಎತ್ತಿದ: "ಕೆರೆ ಸಾಹುಕಾರ್ರಿಗೆ ಕೊಡಬೇಕೋ, ಬೇಡವೋ? ಕೂಗಿ!"

"ಬೇಕೂಊಊ..." ಕೊಳವೆ ಶುರುವಾಯ್ತು. ಮಂಚಮ್ಮ "ಬೇಡ" ಅಂದದ್ದು ಅವಳಿಗೇ ಕೇಳಿಸಲಿಲ್ಲ. ಸೀರೆ ಎತ್ತಿ ಕಟ್ಟಿ ಓಡಿದಳು ನೋಡಿ, ಏರಿ ಇಳಿದು ತೂಬು ಮುಚ್ಚಿಬಿಟ್ಟಳು! ನೀರು ನಿಂತಿತು, ಚಕ್ರ ನಿಂತಿತು, ಕೊಳವೆ "ಕುಯ್ಯ್" ಅಂತ ಸತ್ತಿತು.

"ಈಗ ಕೂಗ್ರೋ!" ಅನ್ನೋಣ ಅಂದ್ರೆ ಓಡಿದ ಏದುಸಿರಿಗೆ ಅವಳ ದನಿಯೇ ಹೊರಡದು. ಊರಿಗೆ ಊರೇ ಬಾಯಿ ತೆಗೀತು. ಬಂದದ್ದೇನು? "ಕೀಂ." ಎರಡು ವರ್ಷ ಕೂಗದ ಗಂಟಲಲ್ವೇ! ಸಾಹುಕಾರನೂ ಉಬ್ಬಿ ಉಬ್ಬಿ ಕೂಗಿದ. "ಪುಸ್."

ಊರೆಲ್ಲ ಮೌನ. ಆಗ ಕೆರೆಯೊಳಗಿಂದ ಒಂದು ದನಿ: "ವಟರ್!" ಆಮೇಲೆ ಹತ್ತು. ಆಮೇಲೆ ಹತ್ತು ಸಾವಿರ. ವರ್ಷಗಟ್ಟಲೆ ಕೊಳವೆ ಗದ್ದಲದಲ್ಲಿ ಸರದಿ ಸಿಗದೆ ಕೂತಿದ್ದ ಕಪ್ಪೆಗಳು!

ಬೋರಪ್ಪ ಎದ್ದು ನಿಂತ. "ದೊಡ್ಡ ಕೂಗು ಕಪ್ಪೆಗಳದ್ದು. ಕೆರೆ ಕಪ್ಪೆಗಳಿಗೆ!"

ಸಾಹುಕಾರ ಪಿಸುದನಿಯಲ್ಲೇ ಹಾರಾಡಿದ. "ಯಜಮಾನ್ರೇ, ತಲೆ ಕೆಟ್ಟಿದೆಯಾ? ಕಪ್ಪೆಗಳು ಊರಿನ ಜನವೇ?"

"ನಿಮ್ಮ ತಗಡು ಊರಿನ ಜನವೇ, ಸಾಹುಕಾರ್ರೇ? ಅದರ ಕೂಗು ಲೆಕ್ಕಕ್ಕೆ ಬಂದ ಮೇಲೆ ಇವರದ್ದೂ ಬರಬೇಕು. ಇವರಿಗೆ ಸ್ವಂತ ಗಂಟಲಾದರೂ ಇದೆ."

ಪತ್ರ ಬರೆಸಿದರು. ಹಿರಿಕಪ್ಪೆಯನ್ನ ಕರೆಸಿ, "ತೂಬು ಯಾರ ಕೈಲಿರಲಿ?" ಅಂದರು. ಅದು ಟಣ್ಣನೆ ನೆಗೆದು ಮಂಚಮ್ಮನ ಮಡಿಲಲ್ಲಿ ಕೂತು, ಪತ್ರಕ್ಕೆ ಹೆಬ್ಬೆಟ್ಟು ಒತ್ತಿತು. ಅವತ್ತಿಂದ ನೀರು ಮತ್ತೆ ಸರಿಸಮ. ಊರೋರು ದಿನಾ ಬೆಳಿಗ್ಗೆ ಏರಿ ಮೇಲೆ ಸಾಲಾಗಿ ನಿಂತು ಕಪ್ಪೆಗಳ ಹತ್ತಿರ ಕೂಗೋದು ಕಲೀತಿದ್ದಾರೆ. ಸಾಹುಕಾರನೂ ಬರ್ತಾನೆ, ಹಿಂದಿನ ಸಾಲಲ್ಲಿ ನಿಲ್ತಾನೆ.

ಅವರು ಅಲ್ಲಿ ಕೂಗ್ತಿರಲಿ, ನಾವು ಇಲ್ಲಿ ಕೇಳ್ತಿರೋಣ.

ಹಾಂ, ಏಳಬೇಡಿ. ಒಂದೇ ಒಂದು ಚೂರು ನಾನು ಸೇರಿಸಿದ್ದು, ಒಪ್ಕೋತೀನಿ. ಕಪ್ಪೆ ಹೆಬ್ಬೆಟ್ಟು ಒತ್ತಲಿಲ್ಲ. ಓದಿದ ಕಪ್ಪೆ ಅದು, ಸಹಿ ಹಾಕಿತು.