ಮೂರನೇ ಪ್ಲಂಜರ್

ಆ ಬಾಗಿಲು ಮುಂದಕ್ಕೆ ಎಳ್ಕೊಂಡು ಕೂತ್ಕೊಳ್ಳಿ. ಗಾಳಿಗೆ ಚಿಲಕ ಟಕ್ ಅಂದ್ರೆ ನನಗೆ ಆಗಲ್ಲ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಬಾಯಿ ಮುಚ್ಕೊಂಡು ಕೇಳಿ.

ನಮ್ಮ ಚಿಕ್ಕಪ್ಪನ ದೊಡ್ಡ ಮಗ, ನನಗೆ ಅಣ್ಣ ಆಗ್ಬೇಕು. ಅವನು ಪಂಪಿನ ಬಿಡಿಭಾಗ ಮಾಡೋ ಶೆಡ್ಡಲ್ಲಿದ್ದ. ಮನೆಗೆ ನೀರೆತ್ತೋ ಪಂಪಲ್ಲ ಮತ್ತೆ. ಉಕ್ಕಿನ ಕಾರ್ಖಾನೆಯಲ್ಲಿ ಕಾದ ಉಕ್ಕಿನ ಮೇಲಿನ ಪೊರೆ ಕೀಳೋಕೆ ನೀರು ಹೊಡೀತಾರಲ್ಲ, ಆ ಪಂಪು. ಆ ನೀರಿಗೆ ಕೈ ಅಡ್ಡ ಕೊಟ್ರೆ ಕೈ ಇರಲ್ಲ. ಅದರೊಳಗೆ ನೀರು ತಳ್ಳೋಕೆ ತೋಳಿನಷ್ಟು ದಪ್ಪದ ಮೂರು ದಿಂಡು, ಪ್ಲಂಜರ್ ಅಂತಾರೆ, ಹಿಂದೆ ಮುಂದೆ ಓಡ್ತಿರುತ್ತವೆ. ಕಬ್ಬಿಣದ್ದಾದ್ರೆ ಬೇಗ ಸವೆಯುತ್ತೆ ಅಂತ ಸೆರಾಮಿಕ್‌ನಲ್ಲಿ ಮಾಡ್ತಾರೆ. ನಮ್ಮ ಪಿಂಗಾಣಿಗೆ ಅಪ್ಪ ಅನ್ನಿ. ಎಷ್ಟು ಓಡಿದ್ರೂ ಸವೆಯಲ್ಲ. ಆದ್ರೆ ಒಳಗೆ ಕೂದಲೆಳೆಯಷ್ಟು ಬಿರುಕಿದ್ರೂ... ಸಿಡಿಯುತ್ತೆ.

ಆ ಬಿರುಕು ಕಣ್ಣಿಗೆ ಕಾಣಲ್ಲ. ದಾರದಲ್ಲಿ ತೂಗುಹಾಕಿ ಪುಟ್ಟ ಸ್ಪ್ಯಾನರಲ್ಲಿ ತಟ್ಟಿ ಕೇಳಬೇಕು. ಒಳ್ಳೇದು ಟಿಣ್ಣ್ಣ್... ಅಂತ ಎಳೆಯುತ್ತೆ. ಕೆಟ್ಟದ್ದು ಟಕ್. ಅಷ್ಟೇ. ಈ ಕೆಲಸ ಮಾಡ್ತಿದ್ದಿದ್ದು ಒಬ್ಬ ಮುದುಕ, ಎಲ್ಲರೂ ಕಿವಿಯಜ್ಜ ಅಂತಿದ್ರು. ಅಜ್ಜನದ್ದು ಒಂದೇ ಹಠ. ಭಟ್ಟಿಯಿಂದ ತೆಗೆದದ್ದು ಪೂರ್ತಿ ಆರಬೇಕು, ಆಮೇಲೇ ತಟ್ಟೋದು. ಬಿಸಿ ಇದ್ದಾಗ ಬಿರುಕು ಬಾಯಿ ಮುಚ್ಕೊಂಡಿರುತ್ತಂತೆ. ಯಾರೇ ಮಾಲು ತಂದ್ರೂ ಮೊದಲು ಕೇಳೋನು: "ತಣ್ಣಗಾಯ್ತೇನೋ?"

ಅಜ್ಜ ಕಾಯಿಲೆ ಬಿದ್ದು ತೀರ್ಕೊಂಡ. ಸ್ಪ್ಯಾನರ್ ನಮ್ಮಣ್ಣನ ಕೈಗೆ ಬಂತು.

ಅಣ್ಣನ ಸ್ವಂತ ತಮ್ಮ, ನಾವೆಲ್ಲ ಚಿಕ್ಕೋನು ಅಂತಿದ್ವಿ, ಶೆಡ್ಡಿಗೆ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲೇ ಇಂಥ ಪಂಪ್ ಓಡಿಸ್ತಿದ್ದ. ಒಂದಿನ ಪಂಪ್ ನಿಂತುಹೋಯ್ತು. ಚಿಕ್ಕೋನು ಫೋನ್ ಮೇಲೆ ಫೋನು. "ಬೇಗ ಕಳ್ಸಣ್ಣ, ಇಲ್ಲಿ ನನ್ನ ಪ್ರಾಣ ಹಿಂಡ್ತಿದಾರೆ." ಹೊರಗೆ ಲಾರಿಯೋನು ಹಾರ್ನ್ ಹೊಡೀತಿದಾನೆ. ಭಟ್ಟಿಯಿಂದ ಆಗ ತಾನೇ ತೆಗೆದ ಮೂರು ಪ್ಲಂಜರ್... ಇನ್ನೂ ಬೆಚ್ಚಗಿವೆ. ಅಣ್ಣ ತಟ್ಟಿದ. ಮೂರೂ ಟಿಣ್ಣ್ ಅಂದ್ವು. ಕಳ್ಸಿಬಿಟ್ಟ.

ಅವತ್ತು ಕೆಲಸ ಮುಗಿಸಿ ಹೊರಡೋ ಹೊತ್ತಿಗೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ದಾರಿಯಲ್ಲೊಂದು ಹಾಳುಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನ ದಾಟಿದಾನೆ, ಅಷ್ಟೇ. ಹಿಂದಿನಿಂದ...

ಟಿಣ್ಣ್ಣ್.

ನಿಂತ. ನೀರು ತೊಟ್ಟಿಕ್ತಿರಬೇಕು ಅಂದ್ಕೊಂಡ.

ಟಿಣ್ಣ್ಣ್...

ಟಕ್.

ಆಮೇಲೆ ಬಾವಿಯೊಳಗಿಂದ, ಮೆಲ್ಲಗೆ... "ತಣ್ಣಗಾಯ್ತೇನೋ?"

ಕಿವಿಯಜ್ಜನದ್ದೇ ದನಿ. ಆದ್ರೂ ಅಣ್ಣ ಮನೆ ಕಡೆ ಓಡ್ಲಿಲ್ಲ ನೋಡಿ, ಕಾರ್ಖಾನೆಗೆ ಓಡಿದ. ಅಲ್ಲಿ ಚಿಕ್ಕೋನು ಒಂದು ಸುತ್ತು ಪಂಪ್ ಓಡಿಸಿ ನೋಡಿ ಆಗಷ್ಟೇ ನಿಲ್ಲಿಸಿದ್ದ. ಪಕ್ಕದ ಕೋಣೆಯಲ್ಲಿ ಇಂಜಿನಿಯರ್ ಇದ್ರು. ಅದಕ್ಕೇ ಅಣ್ಣ ತಮ್ಮ ಇಬ್ಬರದ್ದೂ ಪಿಸುಮಾತೇ.

"ಮೂರನೇದು ಬಿಚ್ಚೋ."

"ಯಾಕಣ್ಣ? ಚೆನ್ನಾಗೇ ಓಡ್ತಿದೆ."

"ಬಿಚ್ಚು ಅಂದ್ರೆ ಬಿಚ್ಚು."

ಬಿಚ್ಚಿದ್ರು. ಓಡಿದ ಬಿಸಿ ಇನ್ನೂ ಇತ್ತು. ದಾರ ಕಟ್ಟಿ ಅಣ್ಣ ತಟ್ಟಿದ... ಟಿಣ್ಣ್ಣ್.

ಚಿಕ್ಕೋನು ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕ. "ಸರಿಯಾಗೇ ಇದೆಯಲ್ಲ. ನಿನಗೇ ಏನೋ ಮೆಟ್ಕೊಂಡಿದೆ."

"ಬೆಳಿಗ್ಗೆವರೆಗೂ ಆರಲಿ ಕಣೋ. ಮತ್ತೆ ತಟ್ಟೋಣ."

"ಆಗಲ್ಲಣ್ಣ. ಇಂಜಿನಿಯರ್ ನನ್ನ ಹುರಿದು ಮುಕ್ಕಿಬಿಡ್ತಾರೆ. ಏನಾದ್ರೂ ತಪ್ಪಾಗಿದ್ರೆ ಹೇಳು, ಈಗಲೇ ಹೋಗಿ ಹೇಳ್ತೀನಿ."

ನೋಡಿ, ಇಲ್ಲಿ ನನಗೆ ಹೊಟ್ಟೆ ಉರಿಯೋದು. ಬಿಸಿ ಇದ್ದಾಗಲೇ ತಟ್ಟಿ ಕಳ್ಸಿದೀನಿ ಅಂತ ಒಂದೇ ಒಂದು ಮಾತು. ತಮ್ಮನ ಮುಂದೆ ಹೇಳೋಕೆ ಎಂಥಾ ನಾಚಿಕೆ? ಹೇಳಿದ್ರೆ ಕೆಲಸ ಹೋಗ್ತಿತ್ತು, ಹೋಗ್ಲಿ ಬಿಡಿ. ಅಣ್ಣ ಬಾಯಿ ಬಿಡ್ಲಿಲ್ಲ. ಬಿಸಿ ಪ್ಲಂಜರ್ ಟಿಣ್ಣ್ ಅಂದಿದ್ದನ್ನೇ ನಂಬ್ಕೊಂಡ. ಅವನಿಗೆ ನಂಬೋದು ಬೇಕಿತ್ತು. "ಏನಿಲ್ಲ, ಹಾಕ್ಕೋ" ಅಂದು ಹೊರಟ.

ಮತ್ತೆ ಅದೇ ಬಾವಿ. ಈ ಸಲ ಟಿಣ್ಣ್ ಇಲ್ಲ. ಪ್ರಶ್ನೆನೂ ಇಲ್ಲ. ಅಣ್ಣ ಉಸಿರು ಬಿಗಿಹಿಡಿದು ಜಾಲರಿ ದಾಟಿದ.

ಟಕ್.

ಅದರ ಹಿಂದೆಯೇ ಕಾರ್ಖಾನೆ ಕಡೆಯಿಂದ ಧಡಾರ್... ಆಮೇಲೆ ಸೈರನ್ನು.

ಚಿಕ್ಕೋನು ಆಸ್ಪತ್ರೆವರೆಗೂ ಉಳೀಲಿಲ್ಲ. ಮೂರನೇ ಪ್ಲಂಜರಿನ ಚೂರು ಎದೆಗೇ ಹೊಕ್ಕಿತ್ತು. ಹೆಣ ಕೊಡೋವಾಗ ಡಾಕ್ಟರು ಆ ಚೂರನ್ನೂ ಒಂದು ಕವರಲ್ಲಿ ಹಾಕಿ ಕೊಟ್ರು. ಆ ರಾತ್ರಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅಣ್ಣ ನನಗೆ ಇಷ್ಟೂ ಹೇಳ್ದ. ಆಮೇಲೆ ಯಾರ ಹತ್ರನೂ ಈ ಮಾತೆತ್ತಿಲ್ಲ.

ಅಣ್ಣನಿಗೆ ತಲೆ ಕೆಟ್ಟಿತ್ತು ಅಂತೀರಾ? ಅನ್ನಿ. ಆ ಚೂರು ಈಗಲೂ ಚಿಕ್ಕಮ್ಮನ ಮನೆ ಬೀರುವಿನಲ್ಲಿದೆ, ಚಿಕ್ಕೋನ ಅಂಗಿಗಳ ಅಡಿಯಲ್ಲಿ. ಇದೆಲ್ಲ ನಡೆದು ವರ್ಷಗಳೇ ಆದ್ವು. ಹೋದ ವಾರ ಬಟ್ಟೆ ಜೋಡಿಸೋವಾಗ ನನ್ನ ಕೈಗೆ ತಗುಲಿತು. ಹೊರಗೆ ಕೊರೆಯೋ ಚಳಿ, ಬೀರುವಿನ ಕಬ್ಬಿಣ ಮುಟ್ಟೋಕಾಗ್ತಿರಲಿಲ್ಲ. ಈ ಕೈಯಲ್ಲೇ ಹಿಡಿದು ನೋಡಿದೀನಿ, ಸುಳ್ಳು ಹೇಳಿ ನನಗೇನಾಗಬೇಕು?

ಚೂರು ಇನ್ನೂ ಬೆಚ್ಚಗಿತ್ತು.